ಸಲ್ಲುವವಳು

ನೆಲ್ಲಾ ಲಾರ್ಸನ್ ಅವರ ‘ಪಾಸಿಂಗ್’ ಕಾದಂಬರಿಯ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಮೊದಲ ತಡೆ ಅದರ ಹೆಸರೇ. ‘ದಾಟುವಿಕೆ’ ಎಂದರೆ ಹೊಳೆ ದಾಟಿದ ಹಾಗಾಗುತ್ತದೆ. ‘ವೇಷ’ ಎನ್ನೋಣವೆಂದರೆ ಇಲ್ಲಿ ಯಾರೂ ಮುಖಕ್ಕೆ ಬಣ್ಣ ಬಳಿದುಕೊಂಡಿಲ್ಲ, ಹುಟ್ಟಿದ ಬಣ್ಣದಲ್ಲೇ ಓಡಾಡುತ್ತಿದ್ದಾರೆ. ‘ಸೋಗು’ ಎಂದರೆ ಕತೆ ಶುರುವಾಗುವ ಮೊದಲೇ ತೀರ್ಪು ಬಂದುಬಿಡುತ್ತದೆ. ಬಹಳ ದಿನ ಹುಡುಕಿದ ಮೇಲೆ ನನಗೆ ಸಿಕ್ಕಿದ್ದು ‘ಸಲ್ಲು’ ಎಂಬ ನಮ್ಮ ಹಳೆಯ ಕ್ರಿಯಾಪದ. ನಾಣ್ಯ ಸಲ್ಲುತ್ತದೆ, ಇಲ್ಲವೆ ಸಲ್ಲುವುದಿಲ್ಲ. ಕೈಯಿಂದ ಕೈಗೆ ಹೋಗುವಾಗ ಯಾರೂ ಅದನ್ನು ಕಲ್ಲಿನ ಮೇಲೆ ಕುಟ್ಟಿ ನೋಡದಿದ್ದರೆ ಎಂಥ ನಾಣ್ಯವೂ ಸಂತೆಯಿಂದ ಸಂತೆಗೆ ಸಾಗುತ್ತದೆ. ಸಲ್ಲುವುದರಲ್ಲಿ ನಾಣ್ಯದ ಲೋಹಕ್ಕಿಂತ ಅದನ್ನು ತೆಗೆದುಕೊಳ್ಳುವವನ ನಂಬಿಕೆಯದೇ ಹೆಚ್ಚು ಪಾಲು. ಇದೇ ಧಾತುವಿನಿಂದ ‘ಸಂದ’ ಬಂತು. ಕಳೆದುಹೋದ ಕಾಲವನ್ನೂ ತೀರಿಹೋದ ಮನುಷ್ಯರನ್ನೂ ಆ ಮಾತಿನಲ್ಲೇ ಹೇಳುತ್ತೇವೆ. ಇಂಗ್ಲಿಷಿನ ಆ ಪದದೊಳಗೂ ಸಾವಿನ ಅರ್ಥವೊಂದು ಅಡಗಿದೆ. ಲಾರ್ಸನ್ ಎರಡೂ ಅರ್ಥಗಳನ್ನು ಒಂದೇ ಹೆಣ್ಣಿನ ಮೇಲೆ ಹೊರಿಸಿದ್ದಾರೆ.

ಅಮೆರಿಕದಲ್ಲಿ ಆ ಮಾತಿಗೆ ಇದ್ದ ಅರ್ಥ ಬಹಳ ಖಚಿತವಾದದ್ದು. ಕಪ್ಪು ಜನರ ಮನೆಯಲ್ಲಿ ಹುಟ್ಟಿ, ಮೈಬಣ್ಣ ತಿಳಿಯಾಗಿರುವ ಕಾರಣಕ್ಕೆ ಬಿಳಿಯರ ನಡುವೆ ಬಿಳಿಯರೆಂದೇ ಬಾಳುವುದು. ಮೈ ಎಷ್ಟೇ ಬೆಳ್ಳಗಿರಲಿ, ವಂಶದಲ್ಲಿ ಎಲ್ಲೋ ಒಂದು ಹನಿ ಕಪ್ಪು ರಕ್ತವಿದ್ದರೆ ಆ ಮನುಷ್ಯ ಕಪ್ಪೇ ಎಂಬುದು ಅಲ್ಲಿನ ಲೆಕ್ಕ. 1892ರಲ್ಲಿ ಲೂಸಿಯಾನಾದಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದ ಹೋಮರ್ ಪ್ಲೆಸ್ಸಿಯ ಪೂರ್ವಿಕರಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರು. ಅವನನ್ನು ನೋಡಿ ಯಾರೂ ಹಿಡಿಯಲಿಲ್ಲ. ಡಬ್ಬಿಗಳನ್ನು ಬಣ್ಣದ ಮೇಲೆ ಬೇರೆ ಮಾಡಿದ್ದ ಕಾನೂನನ್ನು ಪ್ರಶ್ನಿಸಬೇಕೆಂದೇ ಅವನು ತಾನಾಗಿ ಹೇಳಿಕೊಂಡ ಮೇಲೆ ಹಿಡಿದರು. 1896ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟು ಪ್ರತ್ಯೇಕತೆಗೆ ಮುದ್ರೆ ಒತ್ತಿತು. 1924ರಲ್ಲಿ ವರ್ಜೀನಿಯಾ ರಾಜ್ಯ ಆ ಒಂದು ಹನಿಯ ಲೆಕ್ಕವನ್ನೇ ಕಾನೂನಿನ ಪುಸ್ತಕಕ್ಕೆ ಏರಿಸಿತು. ಬಿಳಿಯರು ಬಿಳಿಯರನ್ನಷ್ಟೇ ಮದುವೆಯಾಗಬೇಕೆಂದು ಅದು ಎಳೆದ ಗೆರೆ ಅಳಿಸಿದ್ದು 1967ರಲ್ಲಿ. 1924ರಲ್ಲೇ ನ್ಯೂಯಾರ್ಕಿನ ಸಿರಿವಂತ ಮನೆತನದ ಕಿಪ್ ರೈನ್‌ಲ್ಯಾಂಡರ್ ಎಂಬಾತ, ಹೆಂಡತಿ ಆಲಿಸ್ ತನ್ನ ವಂಶವನ್ನು ಮುಚ್ಚಿಟ್ಟು ಮೋಸ ಮಾಡಿದಳೆಂದು ಮದುವೆ ರದ್ದತಿಗೆ ಮೊಕದ್ದಮೆ ಹೂಡಿದ. ಗಂಡನಿಗೆ ಅವಳ ಬಣ್ಣ ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ತಿಳಿಯಲು ಆ ಹೆಣ್ಣು ಪಂಚರ ಎದುರು ಮೈಯ ಒಂದಷ್ಟು ಭಾಗವನ್ನು ತೆರೆದು ತೋರಿಸಬೇಕಾಯಿತು. ಪಂಚರು ಅವಳ ಪರವಾಗಿಯೇ ನಿಂತರು. ಆದರೆ ಆ ತೋರಿಸುವಿಕೆ ಯಾರ ಮನಸ್ಸಿನಿಂದಲೂ ಹೋಗುವಂಥದ್ದಲ್ಲ. ‘ಪಾಸಿಂಗ್’ ಪ್ರಕಟವಾದದ್ದು 1929ರಲ್ಲಿ. ಅದರ ನಾಯಕಿಯೂ ಒಂದು ಕಡೆ ಈ ಮೊಕದ್ದಮೆಯನ್ನು ನೆನೆಯುತ್ತಾಳೆ.

ಕತೆ ಚಿಕ್ಕದು; ಒಂದು ಸಂಜೆಗೆ ಓದಿ ಮುಗಿಯುತ್ತದೆ. ಶಿಕಾಗೋದಲ್ಲಿ ಒಟ್ಟಿಗೆ ಬೆಳೆದ ಇಬ್ಬರು ಹುಡುಗಿಯರು, ಐರೀನ್ ಮತ್ತು ಕ್ಲೇರ್. ಇಬ್ಬರೂ ಬಿಳಿಯರಾಗಿ ಸಲ್ಲಬಲ್ಲ ಬಣ್ಣದವರು. ಕ್ಲೇರ್‌ಳ ಕುಡುಕ ತಂದೆ ಹೊಡೆದಾಟದಲ್ಲಿ ಸತ್ತ ಮೇಲೆ ಬಿಳಿಯ ಅಜ್ಜಿಯರು, ತಂದೆಯ ಅತ್ತೆಯರು, ಅವಳನ್ನು ಕರೆದೊಯ್ದು ಮನೆಗೆಲಸಕ್ಕೆ ಹಾಕಿದರು. ವಂಶದ ಸುದ್ದಿ ಎತ್ತಬೇಡವೆಂದರು. ಅವಳು ಅವರ ಮಾತನ್ನೇ ಹಿಡಿದು, ದಕ್ಷಿಣ ಅಮೆರಿಕದಿಂದ ಹಣ ಮಾಡಿಕೊಂಡು ಬಂದ ಜಾನ್ ಬೆಲ್ಯೂ ಎಂಬ ಬಿಳಿಯನ ಜೊತೆ ಹೊರಟುಹೋದಳು. ಐರೀನ್ ಕಪ್ಪು ವೈದ್ಯ ಬ್ರಯಾನ್‌ನನ್ನು ಮದುವೆಯಾಗಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇಬ್ಬರು ಗಂಡುಮಕ್ಕಳು, ಕೆಲಸದವರು, ಸಮಾಜಸೇವೆಯ ಸಂಘ, ಚಹಾಕೂಟ ಎಂದು ಅಚ್ಚುಕಟ್ಟಾಗಿ ನೆಲೆಸಿದಳು. ಹನ್ನೆರಡು ವರ್ಷದ ಮೇಲೆ ಇಬ್ಬರೂ ಎದುರಾಗುತ್ತಾರೆ. ಕ್ಲೇರ್‌ಗೆ ಬಿಟ್ಟುಬಂದ ಜನರ ಹಂಬಲ ಹುಟ್ಟುತ್ತದೆ, ಹಾರ್ಲೆಮ್‌ಗೆ ಬಂದು ಹೋಗತೊಡಗುತ್ತಾಳೆ. ಕೊನೆಗೊಂದು ಕಿಟಕಿ.

ಮೊದಲ ಸಲ ಓದಿದಾಗ ನಾನು ಇದನ್ನು ಕ್ಲೇರ್‌ಳ ಗುಟ್ಟಿನ ಕತೆ ಎಂದೇ ತಿಳಿದಿದ್ದೆ. ಗುಟ್ಟು ಇದೆ, ಗಂಡನಿಗೆ ಗೊತ್ತಿಲ್ಲ, ಯಾವಾಗ ಬಯಲಾಗುತ್ತದೋ ಎಂಬ ಉಸಿರು ಬಿಗಿಹಿಡಿಯುವ ಓದು. ಮೂರನೆಯ ಓದಿನಲ್ಲಿ ಗೊತ್ತಾಯಿತು: ಕ್ಲೇರ್ ಮುಚ್ಚಿಟ್ಟದ್ದು ಒಂದೇ ಒಂದು ಸಂಗತಿ, ಅದನ್ನೂ ಗಂಡನೊಬ್ಬನಿಂದ. ನಮ್ಮಿಂದ ಪುಟಪುಟಕ್ಕೂ ಮುಚ್ಚಿಡುತ್ತಿರುವವಳು ಐರೀನ್. ಕಾದಂಬರಿ ಮೂರನೆಯ ಪುರುಷದಲ್ಲಿದ್ದರೂ ಐರೀನ್‌ಳ ಕಣ್ಣು ಬಿಟ್ಟು ಒಂದು ಹೆಜ್ಜೆ ಹೊರಗೆ ಇಡುವುದಿಲ್ಲ. ಅವಳಿಗೆ ಕಂಡದ್ದು ನಮಗೆ ಕಾಣುತ್ತದೆ, ಅವಳು ಒಪ್ಪಿಕೊಳ್ಳಲಾರದ್ದು ನಮಗೆ ಸೋರಿ ಮಾತ್ರ ತಲುಪುತ್ತದೆ. ತಾನು ತನ್ನ ಜನಕ್ಕೆ ನಿಷ್ಠಳು, ತಾನು ಸಲ್ಲಲು ಹೋದವಳಲ್ಲ ಎಂದು ಅವಳು ನಂಬಿದ್ದಾಳೆ. ಆದರೆ ಕಾದಂಬರಿಯ ಮೊದಲ ಭಾಗದಲ್ಲೇ ನಾವು ಅವಳನ್ನು ನೋಡುವುದು ಶಿಕಾಗೋದ ಡ್ರೇಟನ್ ಹೋಟೆಲಿನ ತಾರಸಿಯ ಮೇಲೆ, ಬಿಳಿಯರಿಗೆ ಮಾತ್ರ ಪ್ರವೇಶವಿರುವ ಜಾಗದಲ್ಲಿ, ತಣ್ಣನೆಯ ಚಹಾದ ಲೋಟದ ಮುಂದೆ. ಆಗಸ್ಟ್ ತಿಂಗಳ ಕುದಿಬಿಸಿಲು. ಮಕ್ಕಳಿಗೆ ಆಟದ ಸಾಮಾನು ಹುಡುಕಿ ಅಲೆದು, ರಸ್ತೆಯಲ್ಲಿ ಒಬ್ಬ ಮನುಷ್ಯ ಕುಸಿದು ಬಿದ್ದದ್ದನ್ನು ಕಂಡು, ತಲೆಸುತ್ತು ಬಂದಂತಾಗಿ ಟ್ಯಾಕ್ಸಿ ಹತ್ತಿದವಳು. ಟ್ಯಾಕ್ಸಿಯವನು ಅವಳನ್ನು ಬಿಳಿಯಳೆಂದೇ ತಿಳಿದು ಅಲ್ಲಿಗೆ ತಂದುಬಿಟ್ಟ. ಪಕ್ಕದ ಮೇಜಿನ ಹೆಣ್ಣೊಬ್ಬಳು ನೆಟ್ಟ ನೋಟದಿಂದ ನೋಡುತ್ತಾಳೆ. ಐರೀನ್‌ಗೆ ಮೈಯೆಲ್ಲ ಚುರುಚುರು: ಇವಳಿಗೆ ಗೊತ್ತಾಯಿತೇ? ಮರುಕ್ಷಣವೇ ಸಮಾಧಾನ: ಉಗುರು, ಅಂಗೈ, ಕಿವಿಯ ಆಕಾರ, ಹಲ್ಲು ನೋಡಿ ಕಂಡುಹಿಡಿಯುತ್ತೇವೆ ಎನ್ನುವ ಬಿಳಿಯರ ಮಾತೆಲ್ಲ ಹುಚ್ಚು, ತನ್ನನ್ನು ಇಟಲಿಯವಳೋ ಸ್ಪೇನಿನವಳೋ ಎಂದಾರು. ಹಾಗೆ ನೋಡುತ್ತಿದ್ದವಳು ಕ್ಲೇರ್. ಗುರುತು ಸಿಕ್ಕಿದ್ದು ಮುಖದಿಂದಲ್ಲ, ನಗುವಿನಿಂದ.

ಇಲ್ಲಿ ಯಾರು ಯಾರನ್ನು ಹಿಡಿದರು? ಇಬ್ಬರೂ ಒಂದೇ ತಾರಸಿಯ ಮೇಲೆ ಸಲ್ಲುತ್ತ ಕೂತಿದ್ದರು. ಒಬ್ಬಳು ದಿನವೂ ಸಲ್ಲುವವಳು, ಇನ್ನೊಬ್ಬಳು ಬೇಕಾದಾಗ ಸಲ್ಲಿ ಮನೆಗೆ ಬಂದು ಮರೆಯುವವಳು. ಈ ಮರೆವಿನ ಮೇಲೆಯೇ ಇಡೀ ಕಾದಂಬರಿ ನಿಂತಿದೆ.

ನನ್ನ ಓದಿನಲ್ಲಿ ಪುಸ್ತಕದ ಅತ್ಯಂತ ಕಠೋರವಾದ ದೃಶ್ಯ ಕ್ಲೇರ್‌ಳ ಹೋಟೆಲಿನ ಚಹಾಕೂಟ. ಮೂವರು ಹೆಂಗಸರು, ಮೂವರೂ ಕಪ್ಪು ಮನೆತನದವರು. ಗರ್ಟ್ರೂಡ್ ಮದುವೆಯಾಗಿರುವುದು ಒಬ್ಬ ಬಿಳಿಯ ಮಾಂಸದಂಗಡಿಯವನನ್ನು, ಅವನಿಗೆ ಎಲ್ಲ ಗೊತ್ತು. ಮಾತು ಬಸಿರಿನ ಕಡೆ ಹೊರಳುತ್ತದೆ. ಮಗಳು ಎಲ್ಲಿ ಕಪ್ಪಾಗಿ ಹುಟ್ಟಿಬಿಡುತ್ತಾಳೋ ಎಂದು ಒಂಬತ್ತು ತಿಂಗಳು ಸತ್ತು ಬದುಕಿದೆ, ಇನ್ನು ಆ ಕಷ್ಟ ಬೇಡವೇ ಬೇಡ ಎನ್ನುತ್ತಾಳೆ ಕ್ಲೇರ್. ಗರ್ಟ್ರೂಡ್ ಹೌದೌದೆನ್ನುತ್ತಾಳೆ. ಕಪ್ಪು ಮಗು ಯಾರಿಗೆ ಬೇಕು ಎಂಬ ಮಾತು ಬಂದಾಗ ಐರೀನ್ ತನ್ನ ಮಗನೊಬ್ಬ ಕಪ್ಪೇ ಎನ್ನುತ್ತಾಳೆ, ಕೋಣೆ ತಣ್ಣಗಾಗುತ್ತದೆ. ಅಷ್ಟರಲ್ಲಿ ಬೆಲ್ಯೂ ಒಳಗೆ ಬರುತ್ತಾನೆ. ಬಂದವನು ಹೆಂಡತಿಯನ್ನು ಕರೆಯುವುದು ಕಪ್ಪು ಜನರಿಗೆ ಬಯ್ಯುವ ಹೊಲಸು ಮಾತನ್ನು ಮೊಟಕು ಮಾಡಿದ ಮುದ್ದು ಹೆಸರಿನಿಂದ. ಮದುವೆಯಾದಾಗ ಇವಳು ಬೆಳ್ಳಗಿದ್ದಳು, ವರ್ಷ ಕಳೆದಂತೆ ಕಪ್ಪಾಗುತ್ತಿದ್ದಾಳೆ, ಅದಕ್ಕೇ ಈ ತಮಾಷೆ ಎಂದು ಅತಿಥಿಗಳಿಗೆ ವಿವರಿಸುತ್ತಾನೆ. ತನ್ನ ಮನೆಯಲ್ಲಿ ಅಂಥವರು ಯಾರೂ ಇಲ್ಲ, ಹಿಂದೆ ಇದ್ದದ್ದಿಲ್ಲ, ಮುಂದೆ ಬರುವುದೂ ಇಲ್ಲ ಎನ್ನುತ್ತಾನೆ. ಅವನ ಸುತ್ತ ಕೂತಿರುವುದು ಅಂಥ ಮೂವರೇ.

ಐರೀನ್ ನಗುತ್ತಾಳೆ. ನಕ್ಕು ನಕ್ಕು ನಿಲ್ಲಿಸಲಾಗದೆ, ಪಕ್ಕೆ ನೋಯುವವರೆಗೆ ನಗುತ್ತಾಳೆ. ಅದು ಹಾಸ್ಯದ ನಗುವಲ್ಲ, ಪೂರ್ತಿ ಭಯದ್ದೂ ಅಲ್ಲ. ಅವಮಾನವನ್ನು ನುಂಗುವ ಗಂಟಲಿನಿಂದಲೇ ಹೊರಟದ್ದು. ಎದ್ದು ನಿಂತು ಒಂದು ಮಾತು ಆಡಿದ್ದರೆ ಬೆಲ್ಯೂವಿನ ಬದುಕು ಅಲ್ಲೇ ಒಡೆಯುತ್ತಿತ್ತು, ಕ್ಲೇರ್‌ಳದೂ. ಆಡಲಿಲ್ಲ. ಜನಾಂಗದ ನಿಷ್ಠೆಯಿಂದ ಸುಮ್ಮನಿದ್ದೆ ಎಂದು ಮುಂದೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಓದುವವರಿಗೆ ಅದು ಪೂರ್ತಿ ನಂಬಿಕೆಯಾಗುವುದಿಲ್ಲ, ಪೂರ್ತಿ ಸುಳ್ಳೆಂದೂ ಅನಿಸುವುದಿಲ್ಲ. ಅನ್ಯಾಯವನ್ನು ವಿವರಿಸಿದ ಲೇಖಕರು ಬಹಳ ಮಂದಿ ಇದ್ದಾರೆ. ಅನ್ಯಾಯದ ಎದುರು ಕೂತವರು ಸಭ್ಯವಾಗಿ ಚಹಾ ಕುಡಿದು ಎದ್ದುಬರುವುದನ್ನು ಇಷ್ಟು ಸಣ್ಣಸಣ್ಣ ಚಲನೆಗಳಲ್ಲಿ ತೋರಿಸಿದ ಬರಹ ನನಗೆ ಹೆಚ್ಚು ಸಿಕ್ಕಿಲ್ಲ.

ಇದಕ್ಕೆ ಸಮನಾದ ಇನ್ನೊಂದು ದೃಶ್ಯ ಕೊನೆಯ ಭಾಗದಲ್ಲಿದೆ, ಮೊದಲ ಓದಿಗೆ ಕೈಜಾರಿ ಹೋಗುವಂಥದ್ದು. ಗಂಡನಿಗೂ ಕ್ಲೇರ್‌ಗೂ ಸಂಬಂಧವಿದೆ ಎಂಬ ಅನುಮಾನ ಐರೀನ್‌ಳಲ್ಲಿ ಹೊತ್ತಿಕೊಂಡಿದೆ; ಸಾಕ್ಷಿ ಏನೂ ಇಲ್ಲ. ಮನೆತುಂಬ ಅತಿಥಿಗಳು. ನೆಲಕ್ಕೆ ಬಿದ್ದು ಒಂದು ಪಿಂಗಾಣಿ ಬಟ್ಟಲು ಚೂರಾಗುತ್ತದೆ. ಹತ್ತಿರವಿದ್ದ ಬಿಳಿಯ ಲೇಖಕ ವೆಂಟ್‌ವರ್ತ್ ತನ್ನ ಕೈ ತಾಗಿತೇನೋ ಎಂದು ಮುಜುಗರಪಟ್ಟರೆ, ಐರೀನ್ ಕ್ಷಣಾರ್ಧದಲ್ಲಿ ಒಂದು ಕತೆ ಹೇಳುತ್ತಾಳೆ: ಅದು ಗುಲಾಮರ ಒಡೆಯರಾಗಿದ್ದ ದಕ್ಷಿಣದವರ ಮನೆಯಿಂದ ಬಂದ ಬಟ್ಟಲು, ಅಷ್ಟು ವಿಕಾರವಾದದ್ದು ಅವರ ಬಳಿ ಬೇರೊಂದಿರಲಿಲ್ಲ, ಅದರಿಂದ ಬಿಡುಗಡೆ ಹೇಗೆಂದು ಯೋಚಿಸುತ್ತಿದ್ದೆ, ಈಗಷ್ಟೇ ಹೊಳೆಯಿತು, ಒಡೆದರೆ ಮುಗಿಯಿತು. ಎಲ್ಲರೂ ಸಮಾಧಾನಗೊಳ್ಳುತ್ತಾರೆ. ಒಡೆದದ್ದು ಕೈಜಾರಿಯೋ ಬೇಕೆಂದೋ ಎಂದು ಯಾರೂ ಕೇಳುವುದಿಲ್ಲ. ಮುಂದೆ ಕಿಟಕಿಯ ಬಳಿ ಏನಾಯಿತು ಎಂಬ ಪ್ರಶ್ನೆಗೆ ಲಾರ್ಸನ್ ಕೊಟ್ಟ ಉತ್ತರ ಇಲ್ಲೇ, ಈ ಚೂರುಗಳಲ್ಲೇ ಇದೆ ಎಂದು ನನಗನ್ನಿಸುತ್ತದೆ. ಒಡೆಯುವುದು ಎಷ್ಟು ಸುಲಭ, ಒಡೆದ ಮೇಲೆ ಒಪ್ಪುವ ಮಾತು ಜೋಡಿಸುವುದು ಅವಳಿಗೆ ಅದಕ್ಕಿಂತ ಸುಲಭ.

ಅವಳಿಗೆ ಬೇಕಾದದ್ದು ಒಂದೇ, ಭದ್ರತೆ. ಗಂಡನಿಗೆ ಈ ದೇಶ ಸಾಕಾಗಿದೆ, ಬ್ರೆಜಿಲ್‌ಗೆ ಹೋಗಬೇಕೆಂಬ ಆಸೆ. ಅವಳು ಅದನ್ನು ವರ್ಷಗಟ್ಟಲೆ ಅದುಮಿ ಇಟ್ಟಿದ್ದಾಳೆ. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಸುದ್ದಿಯನ್ನು ಅವನು ಊಟದ ಮೇಜಿನಲ್ಲಿ ಮಕ್ಕಳಿಗೆ ಹೇಳಿದರೆ ಇವಳು ತಡೆಯುತ್ತಾಳೆ. ಮಕ್ಕಳ ಎಳೆತನ ಹಾಳಾಗಬಾರದು. ಅವನದು, ಇಲ್ಲಿ ಬಾಳಬೇಕಾದರೆ ಇದನ್ನು ತಿಳಿದೇ ಬಾಳಲಿ ಎಂಬ ವಾದ. ಇಬ್ಬರ ಮಾತಿನಲ್ಲೂ ತೂಕವಿದೆ. ಹಾರ್ಲೆಮ್‌ನ ಅನುಕೂಲಸ್ಥ ಮನೆಯೊಳಗೂ ವರ್ಣದ ಪ್ರಶ್ನೆಯನ್ನು ಬಾಗಿಲ ಹೊರಗೆ ನಿಲ್ಲಿಸಿ ‘ನಾವು ಸುಖವಾಗಿದ್ದೇವೆ’ ಎಂದು ಸಲ್ಲಬಹುದು. ಐರೀನ್ ಜೀವಮಾನವಿಡೀ ಮಾಡಿದ್ದು ಅದನ್ನೇ. ಎದುರಿಗೆ ಕ್ಲೇರ್, ಹುಡುಗಿಯಾಗಿದ್ದಾಗ ಕುಡಿದ ಅಪ್ಪನ ಅರಚಾಟದ ನಡುವೆ ಕೆಂಪು ಬಟ್ಟೆಯ ತುಂಡುಗಳನ್ನು ಹಿಡಿದು ಪಿಕ್ನಿಕ್‌ಗೆ ಲಂಗ ಹೊಲಿಯುತ್ತ ಕೂತಿದ್ದವಳು. ಬೇಕಾದದ್ದನ್ನು ಬೇಕೆಂದೇ ಹೇಳುವ, ಅದಕ್ಕಾಗಿ ಯಾರನ್ನಾದರೂ ನೋಯಿಸಬಲ್ಲ ಹಸಿವು ಅವಳದು. ತನ್ನವರ ಬಳಿಗೆ ಅವಳು ಮರಳುವುದು ಪಶ್ಚಾತ್ತಾಪದಿಂದಲ್ಲ, ಆ ಹಸಿವಿನಿಂದಲೇ. ಲಾರ್ಸನ್‌ಗೂ ಮೊದಲು ಈ ವಸ್ತುವಿನ ಕಾದಂಬರಿಗಳು ಬಂದಿದ್ದವು. 1900ರಲ್ಲಿ ಚಾರ್ಲ್ಸ್ ಚೆಸ್ನಟ್, 1912ರಲ್ಲಿ ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದವು ಅವುಗಳಲ್ಲಿ ಮುಖ್ಯವಾದವು. ಎರಡು ಲೋಕಗಳ ನಡುವೆ ಕಣ್ಣೀರಿಡುವ ಬೆಳ್ಳನೆಯ ಕಪ್ಪು ಹುಡುಗಿ ಅಮೆರಿಕದ ಕತೆಗಳಲ್ಲಿ ಸವೆದುಹೋದ ಅಚ್ಚಾಗಿದ್ದಳು. ಕ್ಲೇರ್ ಅಳುವುದೂ ಉಂಟು, ಆದರೆ ಕಣ್ಣೀರನ್ನು ನಂಬಬೇಕೋ ಬೇಡವೋ ಎಂಬ ಗೊಂದಲದಲ್ಲಿ ನಮ್ಮನ್ನು ಬಿಟ್ಟು ಅಳುತ್ತಾಳೆ.

ಐರೀನ್ ಅವಳನ್ನು ನೋಡುವ ಬಗೆಯಲ್ಲಿ ಅಸೂಯೆಯಷ್ಟೇ ಇಲ್ಲ. ಕ್ಲೇರ್‌ಳ ಕಣ್ಣು, ತುಟಿ, ದನಿ, ಬಟ್ಟೆಯ ಬಣ್ಣ ಬಂದಾಗಲೆಲ್ಲ ಗದ್ಯ ಬಿಸಿಯಾಗುತ್ತದೆ. 1986ರ ಮರುಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಡೆಬೊರಾ ಮೆಕ್‌ಡೊವೆಲ್, ಇಲ್ಲಿ ಒಬ್ಬ ಹೆಣ್ಣಿಗೆ ಇನ್ನೊಬ್ಬ ಹೆಣ್ಣಿನ ಮೇಲಿನ ಆಸೆಯೇ ವರ್ಣದ ಕತೆಯ ಮರೆಯಲ್ಲಿ ಸಾಗುತ್ತಿದೆ ಎಂದು ತೋರಿಸಿದರು. ಈ ಓದು ನನಗೆ ಸರಿಯೆನಿಸುತ್ತದೆ. ಗಂಡನ ಮೇಲಿನ ಅನುಮಾನ ಸಾಕ್ಷಿಯಿಲ್ಲದೆ ಅಷ್ಟು ಬೇಗ ಬೆಳೆಯುವುದಕ್ಕೂ ಅದರಿಂದ ಕಾರಣ ಸಿಗುತ್ತದೆ. ಆದರೆ ಇದೊಂದೇ ಬೀಗದ ಕೈ ಎಂದು ಹಿಡಿದರೆ ಹೋಟೆಲಿನ ಆ ನಗು ಅರ್ಥ ಕಳೆದುಕೊಳ್ಳುತ್ತದೆ.

ಕೊರತೆಗಳಿಲ್ಲವೆಂದಲ್ಲ. ಬೆಲ್ಯೂ ದ್ವೇಷದ ಬೊಂಬೆಯಾಗಿಯೇ ಉಳಿದಿದ್ದಾನೆ; ಹೆಂಡತಿಯನ್ನು ಅವನು ಯಾವ ಬಗೆಯಲ್ಲಿ ಪ್ರೀತಿಸುತ್ತಿದ್ದನೆಂದು ಒಂದು ಪುಟವಾದರೂ ತಿಳಿದಿದ್ದರೆ ಕೊನೆಯ ದೃಶ್ಯ ಇನ್ನಷ್ಟು ಸುಡುತ್ತಿತ್ತು. ಅವನಿಗೆ ಸತ್ಯ ಹೊಳೆಯುವುದು ಬೀದಿಯ ಆಕಸ್ಮಿಕ ಭೇಟಿಯಲ್ಲಿ, ಐರೀನ್ ಕಪ್ಪು ಗೆಳತಿ ಫೆಲೀಸ್‌ಳ ತೋಳು ಹಿಡಿದು ನಡೆಯುತ್ತಿರುವಾಗ. ಕತೆಯನ್ನು ಎತ್ತಿಕೊಟ್ಟದ್ದೂ ಆಕಸ್ಮಿಕವೇ, ಮುಗಿಸುವುದೂ ಆಕಸ್ಮಿಕವೇ ಎಂದಾಗ ಹೊಲಿಗೆ ಕಾಣುತ್ತದೆ. ಇನ್ನು ಜುಲೀನಾ, ಐರೀನ್‌ಳ ಮನೆಗೆಲಸದ ಕಪ್ಪು ಹುಡುಗಿ. ಬರುತ್ತಾಳೆ, ತಟ್ಟೆ ಇಡುತ್ತಾಳೆ, ಹೋಗುತ್ತಾಳೆ. ಬಿಳಿಯಳಾಗಿ ಸಲ್ಲುವ ದಾರಿ ಇಲ್ಲದ ಆ ಹೆಣ್ಣು ಈ ಇಬ್ಬರ ಬಗ್ಗೆ ಏನೆಂದುಕೊಂಡಳು? ಅವಳನ್ನು ನೋಡದಿರುವುದು ಐರೀನ್‌ಳ ಕುರುಡು ಎನ್ನಬಹುದು. ಲಾರ್ಸನ್ ಆ ಕುರುಡನ್ನು ಇನ್ನೊಂದು ಚೂರು ಎತ್ತಿ ತೋರಿಸಬೇಕಿತ್ತು ಎಂದು ಪ್ರತಿ ಓದಿನಲ್ಲೂ ಅನ್ನಿಸಿದೆ.

ಲಾರ್ಸನ್ ಅವರ ಬದುಕನ್ನು ಇದರ ಪಕ್ಕದಲ್ಲಿಟ್ಟರೆ ಕೈ ನಡುಗುತ್ತದೆ. ಹುಟ್ಟಿದ್ದು 1891ರಲ್ಲಿ, ಶಿಕಾಗೋದಲ್ಲಿ. ತಾಯಿ ಡೆನ್ಮಾರ್ಕಿನಿಂದ ಬಂದ ಬಿಳಿಯಳು, ತಂದೆ ಡೇನರ ಆಳ್ವಿಕೆಯಲ್ಲಿದ್ದ ಕೆರಿಬಿಯನ್ ದ್ವೀಪಗಳ ಕಪ್ಪು ಮನುಷ್ಯ. ತಾಯಿ ಮತ್ತೊಬ್ಬ ಬಿಳಿಯ ಡೇನನನ್ನು ಮದುವೆಯಾದ ಮೇಲೆ ಮನೆಯಲ್ಲಿ ಕಪ್ಪಗಿದ್ದದ್ದು ಈ ಹುಡುಗಿ ಒಬ್ಬಳೇ. ಅವರ ಕ್ಲೇರ್ ಬಿಳಿಯಳಾಗಿ ಸಂದಳು. ಅವರೇ ಹುಟ್ಟಿದ ಮನೆಯೊಳಗೂ ಸಲ್ಲಲಿಲ್ಲ. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ, ಮುಂದೆ ಹಾರ್ಲೆಮ್‌ನ ಗ್ರಂಥಾಲಯದಲ್ಲಿ ಕೆಲಸ. 1928ರಲ್ಲಿ ‘ಕ್ವಿಕ್‌ಸ್ಯಾಂಡ್’, ಮರುವರ್ಷ ‘ಪಾಸಿಂಗ್’. 1930ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್. ಸೃಜನಶೀಲ ಬರವಣಿಗೆಗೆ ಅದನ್ನು ಪಡೆದ ಮೊದಲ ಕಪ್ಪು ಮಹಿಳೆ ಅವರು. ಅದೇ ವರ್ಷ ಒಂದು ಸಣ್ಣಕತೆಯ ಮೇಲೆ ಕೃತಿಚೌರ್ಯದ ಆರೋಪ ಬಂತು, 1933ರಲ್ಲಿ ವಿಚ್ಛೇದನವಾಯಿತು. ಮತ್ತೆ ಪುಸ್ತಕ ಬರಲಿಲ್ಲ. ಹಳೆಯ ಗೆಳೆಯರಿಂದ ಕಣ್ಮರೆಯಾಗಿ ನರ್ಸ್ ಕೆಲಸ ಮಾಡುತ್ತ ಬಾಳಿ, 1964ರಲ್ಲಿ ನ್ಯೂಯಾರ್ಕಿನ ಮನೆಯಲ್ಲಿ ಒಂಟಿಯಾಗಿ ತೀರಿಕೊಂಡರು. ಅವರ ಆಸ್ತಿ ಬಿಳಿಯ ಮಲತಂಗಿಗೆ ಹೋದಾಗ, ತನಗೊಬ್ಬ ಅಕ್ಕ ಇದ್ದದ್ದೇ ಗೊತ್ತಿರಲಿಲ್ಲ ಎಂದು ಆಕೆ ಹೇಳಿದರೆಂಬ ಮಾತು ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ವಂಶವನ್ನು ಮುಚ್ಚಿಡುವವರು ಯಾವಾಗಲೂ ಕಪ್ಪು ಕಡೆಯವರೇ ಆಗಬೇಕಿಲ್ಲ.

2021ರಲ್ಲಿ ಇದನ್ನು ಸಿನಿಮಾ ಮಾಡಿದ ರೆಬೆಕಾ ಹಾಲ್ ಅವರ ತಾಯಿಯ ತಂದೆಯೂ ಹೀಗೆ ಬಿಳಿಯರಾಗಿ ಸಂದವರು. ಚಿತ್ರವನ್ನು ಅವರು ಕಪ್ಪುಬಿಳುಪಿನಲ್ಲೇ ತೆಗೆದರು. ಪರದೆಯ ಮೇಲೆ ಕಪ್ಪೂ ಇಲ್ಲ, ಬಿಳಿಯೂ ಇಲ್ಲ, ಬೂದಿಯ ನೂರು ಛಾಯೆಗಳು ಮಾತ್ರ. ಕಾದಂಬರಿಯ ವಾದವನ್ನೇ ಕ್ಯಾಮೆರಾ ಹೇಳಿದಂತಿದೆ.

ಕನ್ನಡದ ಓದುಗರಿಗೆ ಈ ಪುಸ್ತಕ ದೂರದ್ದೆಂದು ನನಗೆ ಎಂದೂ ಅನ್ನಿಸಿಲ್ಲ. ವರ್ಣ ಕಣ್ಣಿಗೆ ಕಾಣುತ್ತದೆ, ಜಾತಿ ಕಾಣುವುದಿಲ್ಲ ಎಂದು ನಾವು ಎರಡನ್ನೂ ಬೇರೆ ಮಾಡುತ್ತೇವೆ. ಲಾರ್ಸನ್ ತೋರಿಸುವುದು ಕಾಣದ ವರ್ಣವನ್ನು: ಕೇಳಿ ತಿಳಿಯಬೇಕಾದ, ಯಾರ ಜೊತೆ ನಡೆದರು, ಎಲ್ಲಿ ಉಂಡರು ಎಂಬುದರಿಂದ ಊಹಿಸಬೇಕಾದ ಹುಟ್ಟನ್ನು. ‘ನೀವು ಯಾವ ಪೈಕಿ?’ ಎಂದು ಬಾಡಿಗೆ ಮನೆಯ ಬಾಗಿಲಲ್ಲಿ ಕೇಳಿಸಿಕೊಂಡವರಿಗೆ ಡ್ರೇಟನ್ ತಾರಸಿಯ ಆ ನೆಟ್ಟ ನೋಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಲೆಮ್‌ಗೆ ಅಂಟಿಕೊಂಡಿರುವ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಅಂಬೇಡ್ಕರ್ ಅವರು ಬರೋಡಾದಲ್ಲಿ ತಂಗಲು ಜಾಗ ಸಿಗದೆ ಪಾರ್ಸಿ ಹೆಸರು ಹೇಳಿ ಪಾರ್ಸಿ ಛತ್ರದಲ್ಲಿ ಉಳಿದದ್ದು, ಗುರುತು ಸಿಕ್ಕ ಮೇಲೆ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಹೊರಹಾಕಿದ್ದು ಅವರೇ ಬರೆದಿಟ್ಟ ಸಂಗತಿ. ಆ ದೊಣ್ಣೆಯ ಗುಂಪನ್ನು ಓದಿದ ಮೇಲೆ ಬೆಲ್ಯೂ ಬಾಗಿಲು ತಳ್ಳಿಕೊಂಡು ಬರುವ ಸದ್ದು ನನಗೆ ಬೇರೆಯಾಗಿ ಕೇಳಿಸತೊಡಗಿತು.

ನಮ್ಮ ಕಾದಂಬರಿಗಳಲ್ಲೂ ಮರೆಯಾದ ಹುಟ್ಟು ಇದೆ. ಟ್ಯಾಗೋರರ ಗೋರಾನಿಗೆ ತಾನು ಐರಿಷ್ ತಂದೆಯ ಮಗನೆಂದು ತಿಳಿದಾಗ ಆಚಾರದ ಹೊರೆ ಇಳಿದು ದೇಶವೇ ಮನೆಯಾಗುತ್ತದೆ. ಭೈರಪ್ಪನವರ ‘ವಂಶವೃಕ್ಷ’ದ ಶ್ರೋತ್ರಿಯವರಿಗೆ ತಮ್ಮ ಹುಟ್ಟಿನ ಸತ್ಯ ತಿಳಿದಾಗ ಜೀವಮಾನವಿಡೀ ನಂಬಿದ ವಂಶದ ನೆಲವೇ ಕುಸಿಯುತ್ತದೆ. ಎರಡರಲ್ಲೂ ತಿಳಿವು ಒಂದು ಘಟನೆ. ಲಾರ್ಸನ್ ಅವರಲ್ಲಿ ತಿಳಿವು ಯಾರನ್ನೂ ಬಿಡಿಸುವುದಿಲ್ಲ. ಕ್ಲೇರ್‌ಗೆ ಗೊತ್ತು, ಐರೀನ್‌ಗೆ ಗೊತ್ತು, ಗಂಡನಿಗೂ ಗೊತ್ತಾಗುತ್ತದೆ. ಗೊತ್ತಾಗಿದೆ ಎಂದು ಕ್ಲೇರ್‌ಗೆ ಒಂದು ಮಾತು ಮುಟ್ಟಿಸಬಹುದಾಗಿದ್ದ ಐರೀನ್ ಸುಮ್ಮನಿರುತ್ತಾಳೆ. ಬಾಯಿ ತೆರೆಯದೆ ಮಾಡಿದ ಆ ಕೆಲಸವೇ ಕತೆಯ ನಿಜವಾದ ಅಪರಾಧ ಎಂದು ನಾನು ಓದುತ್ತೇನೆ. ಕಿಟಕಿಯ ಬಳಿ ನಡೆದದ್ದು ಅದರ ಬಾಲ.

ಕಿಟಕಿಯ ದೃಶ್ಯ ಹೀಗಿದೆ. ಫೆಲೀಸ್‌ಳ ಮೇಲಂತಸ್ತಿನ ಮನೆಯಲ್ಲಿ ಕೂಟ, ಹೊರಗೆ ಹಿಮ. ಸೆಖೆಯೆಂದು ಕಿಟಕಿ ತೆರೆದವಳು ಐರೀನ್. ಬೆಲ್ಯೂ ನುಗ್ಗಿ ಬರುತ್ತಾನೆ. ಕ್ಲೇರ್ ಕಿಟಕಿಯ ಬಳಿ ನಿಂತು ಸಣ್ಣಗೆ ನಗುತ್ತಾಳೆ, ಆ ನಗು ಐರೀನ್‌ಗೆ ತಡೆಯಲಾಗುವುದಿಲ್ಲ. ಓಡಿ ಹೋಗಿ ಅವಳ ಬರಿದೋಳಿನ ಮೇಲೆ ಕೈಯಿಡುತ್ತಾಳೆ. ಮುಂದಿನ ಗಳಿಗೆ ಕ್ಲೇರ್ ಅಲ್ಲಿಲ್ಲ. ತಳ್ಳಿದಳೇ, ಬಿದ್ದಳೇ, ತಾನೇ ಹಾರಿದಳೇ? ಐರೀನ್‌ಳ ನೆನಪು ಆ ಒಂದು ಗಳಿಗೆಯ ಮೇಲೆ ಬಟ್ಟೆ ಹೊದಿಸಿಬಿಡುತ್ತದೆ. ಪುಸ್ತಕದ ಮೊದಲ ಮುದ್ರಣಗಳ ಕೊನೆಯಲ್ಲಿ ಒಂದು ಪುಟ್ಟ ಪ್ಯಾರಾ ಇತ್ತು, ಆಕಸ್ಮಿಕ ಸಾವೆಂದು ತೋರುತ್ತದೆ ಎನ್ನುವ ಅಧಿಕಾರಿಯ ದನಿ. ಮೂರನೆಯ ಮುದ್ರಣದಲ್ಲಿ ಅದಿಲ್ಲ; ಐರೀನ್‌ಳ ಕಣ್ಣಿಗೆ ಕತ್ತಲು ಕವಿಯುವಲ್ಲಿಗೆ ಮುಗಿಯುತ್ತದೆ. ಎರಡು ಬಗೆಯ ಪ್ರತಿಗಳೂ ಇಂದಿಗೂ ಸಿಗುತ್ತವೆ. ಅಧಿಕಾರಿಯ ಮಾತಿಲ್ಲದ ಪಾಠವೇ ನನಗೆ ಹೆಚ್ಚು. ಅವನು ಬಂದರೆ ಯಾರೋ ಒಬ್ಬರು ತೀರ್ಮಾನ ಮಾಡಿದಂತಾಗುತ್ತದೆ.

ಎರಡೂ ಪಾಠಗಳಲ್ಲಿ ಅದಕ್ಕೆ ಮುಂಚೆ ಒಂದು ಸಣ್ಣ ವಿವರವಿದೆ. ಎಲ್ಲರೂ ಕೆಳಗೆ ಓಡಿದ್ದಾರೆ, ಐರೀನ್ ಕೋಣೆಯಲ್ಲಿ ಒಬ್ಬಳೇ. ಜನ ಏನೇನು ಕೇಳುತ್ತಾರೋ ಎಂಬ ಹೆದರಿಕೆ ಅವಳನ್ನು ಹಿಂಡುತ್ತಿದೆ. ಆಗ ನೆನಪಾಗುತ್ತದೆ, ಬ್ರಯಾನ್ ಕೋಟು ಹಾಕಿಕೊಳ್ಳದೆ ಇಳಿದುಹೋಗಿದ್ದಾನೆ, ಅವನಿಗೆ ಶೀತವಾದೀತು. ತನ್ನ ಕೋಟನ್ನು ಅಲ್ಲೇ ಬಿಟ್ಟು ಗಂಡನದನ್ನು ತೋಳಿಗೆ ಹಾಕಿಕೊಂಡು, ಮೆಟ್ಟಿಲು ಇಳಿಯತೊಡಗುತ್ತಾಳೆ.